ಎದಿ ಡವಡವಕ್ಕೊಂದು ಗುಳಿಗಿ

ಕನಸು ಎಲ್ಲಾರಿಗೂ ಬೀಳತಾವರಿ. ಆದ್ರ ಬಿದ್ದ ಕನಸಿನ ಬೆನ್ನ ಹತ್ತಿ ರೊಟ್ಟಿ ಬುಟ್ಟಿ ಹೊತ್ಕೊಂಡು ಹೋಗೂ ಹಣೇಬಾರ ನನಗೇ ಬರಬೇಕಾ? ಈಗೀಗ ನಮ್ಮ ಮನ್ಯಾಗ ಇಂಥಾದ್ದು ಒಂದಿಲ್ಲೊಂದು ನಡದೇ ಇರತೈತಿ.

ನಂದು ಶಿವಬಸವ ನಗರದಾಗ ಖಡಕ್ ರೊಟ್ಟಿ ಮಾಡಿ ಮಾರೂ ಉದ್ಯೋಗ. ಮಗಳಿಗೆ ಖಾನಾಪುರದ ಕಡಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಚಲೋ, ನನ್ನ ಮಗಳ ಮನಸಿಗೂ ಬಂದಿದ್ದ. ಅವರ ಮನಿ ಮಂದಿ ಬಂದು, ನೋಡಿ, ಉಪ್ಪಿಟ್ಟು ತಿಂದು, "ತಿಳಸ್ತೇವ್ರಿ" ಅಂತ ಹೋದವರು ತಿಳಸಲೇ ಇಲ್ಲ. ನನ್ನ ಎದಿ ಡವಡವ ಅನ್ನಾಕ ಹತ್ತಿತು. ನಾವು ಡಾಕ್ಟರ್ ಬಾಯಿ ಅನ್ನೂ ಲೇಡಿ ಡಾಕ್ಟರ್ ತಪಾಸ ಮಾಡಿ, "ಎದಿಗೆ ಏನೂ ಆಗಿಲ್ಲ, ನೀವು ಕಾಳಜಿ ಭಾಳ ಮಾಡ್ತೀರಿ" ಅಂದು ಗುಳಿಗಿ ಕೊಟ್ಟರು. ಎದಿ ಏನೋ ಸುಮ್ಮನಾತು, ಕನಸು ಸುರು ಆದವು. ಖರೇನೋ ಸುಳ್ಳೋ ತಿಳೀಲಾರದಂಥಾ ಕನಸು.

ತೊಟ್ಟಿಲ ಕಾರ್ಯ

ನನ್ನ ಆರ್ಡರೆಲ್ಲಾ ಬಾಯಿಮಾತಿನ್ಯಾಗೇ. ಯಾರು ಏನು ಹೇಳ್ಯಾರ ಅನ್ನೂದು ತಲ್ಯಾಗ ಇರತೈತಿ. ಒಂದಿನ ಎದ್ದಕೂಡ್ಲೇ ನೆನಪಾತು, ಹಿಂದಿನ ಓಣಿ ಮಾಸ್ತರ ಮನ್ಯಾಗ ಮಮ್ಮಗನ ತೊಟ್ಟಿಲ ಕಾರ್ಯ, ರೊಟ್ಟಿ-ಎಣ್ಣಿಗಾಯಿ ಹೇಳ್ಯಾರ. "ಅಯ್ಯ ಶಿವನೇ, ಮರ್ತೇ ಬಿಟ್ಟಿದ್ನಲ್ಲ!" ಅಂತ ಗಡಿಬಿಡಿಲೆ ಎಣ್ಣಿಗಾಯಿ ಮಾಡಿ, ಬುಟ್ಟಿ ಹೊತ್ತು ಹೋದ್ನಿ.

ಮಾಸ್ತರು ಬಾಗಲಾ ತಗದು ಬುಟ್ಟಿ ನೋಡಿದರು, ನನ್ನ ನೋಡಿದರು.

"ಇದೇನ್ರಿ ಅಕ್ಕಾರ?"

"ತೊಟ್ಟಿಲದ ಅಡಗಿರಿ. ಕೂಸು ಎಲ್ಲೈತಿ?"

"ಯಾರ ಕೂಸು?"

"ನಿಮ್ಮ ಮಗಂದರಿ!"

ಮಾಸ್ತರ ಮಗಂದು ಇನ್ನೂ ಲಗ್ನಾನೇ ಆಗಿಲ್ಲ. ನನಗ ಗೊತ್ತಿಲ್ಲಂತಲ್ಲ, ಕನಸಿಗೆ ಗೊತ್ತಿರಲಿಲ್ಲ. ಮಾಸ್ತರು ಸಾವಕಾಶ ತಿರುಗಿ ಒಳಗ ಕುಂತ ಮಗನ್ನ ದುರುಗುಟ್ಟಿ ನೋಡಿದರು. ಅಂವಗ ಕುಡಿಯೂ ಚಾ ನೆತ್ತಿಗೇರಿತು. ಕೆಮ್ಮಿಕೋತ ಅಂದ, "ಅಪ್ಪಾ, ದೇವರಾಣಿ, ನಾ ಏನೂ ಮಾಡಿಲ್ಲ!"

ಸಾಂಬ್ರಾದ ವಿಮಾನ

ಇನ್ನೊಂದಿನ ನಮ್ಮ ಮನಿಯವರು ನನಗ ಹೇಳದ ಕೇಳದ ಸಾಂಬ್ರಾ ವಿಮಾನ ನಿಲ್ದಾಣಕ್ಕ ಹೋಗಿ ವಿಮಾನ ಹತ್ತಿ, ಕಿಡಕ್ಯಾಗಿಂದ ಟಾಟಾ ಮಾಡಿದರು. ಎಚ್ಚರಾಗಿ ನೋಡಿದ್ರ ಬಾಜೂಕ ಗೊರಕಿ ಹೊಡ್ಯಾಕತ್ತಾರ. ಅದು ಕನಸು ಅಂತ ನನಗ ತಿಳೀತು, ನನ್ನ ಸಿಟ್ಟಿಗೆ ತಿಳೀಲಿಲ್ಲ. ಮುಂಜಾನಿಂದ ಮಾತು ಬಿಟ್ಟು, ಊಟಕ್ಕ ಗಂಗಾಳ ಕುಕ್ಕಿ ಇಟ್ನಿ.

"ತಪ್ಪಾತು," ಅಂದ್ರು.

"ಏನು ತಪ್ಪಾತು?"

"ಅದು ಗೊತ್ತಿಲ್ಲ."

"ಗೊತ್ತಿಲ್ಲದ ಯಾಕ ತಪ್ಪಾತು ಅಂತೀರಿ?"

"ಲಗ್ನ ಆದಾಗಿಂದ ಗೊತ್ತಿದ್ದು ಯಾವಾಗ ಅಂದೇನಿ?"

ಡಾಕ್ಟರ್ ಬಾಯಿ ಮುಂದ

ಹೋಗಿ ಎಲ್ಲಾ ಹೇಳಿದ್ನಿ. ಡಾಕ್ಟರ್ ಬಾಯಿ ಅಂದ್ರು, "ಕೆಲವರಿಗೆ ಈ ಗುಳಿಗಿಲೆ ಹಿಂಗ ಆಗತೈತ್ರಿ. ನಿದ್ದಿ ನಡುನಡುವ ಹರೀತೈತಿ, ಕನಸು ಢಾಳಾಗಿ ಕಾಣತಾವ, ನೆನಪೂ ಉಳೀತಾವ. ಹಂಗಂತ ನೀವೇ ಒಮ್ಮೆಲೇ ಬಿಡಬ್ಯಾಡ್ರಿ. ರಾತ್ರಿ ಬದಲಿ ಮುಂಜಾನಿ ನಾಷ್ಟಾ ಆದಮ್ಯಾಲ ತಗೋರಿ, ನೋಡೂಣು."

"ಹಂಗಾರ ಕನಸು ಹಗಲಿಗೆ ಬೀಳತಾವೇನ್ರಿ? ಒಲಿ ಮುಂದ ಕುಂತಾಗ?"

"ಇಲ್ಲವಾ."

"ಈಗ ನಾ ಇಲ್ಲಿ ಕುಂತಿದ್ದು ಖರೇ ಹೌದಲ್ರಿ?"

"ಹೊರಗ ಪಾಳಿ ಹಚ್ಚಿ ನಿಂತಾರಲ್ಲ, ಅವರು ನಿಮಗ ಬೈಯೂದು ಕೇಳ್ರಿ. ಖರೇ ಅಂತ ತಿಳೀತೈತಿ."

ಖಾನಾಪುರ

ಆದ್ರ ಮುಂಜಾನಿ ಗುಳಿಗಿ ಸುರು ಮಾಡೂಕಿಂತ ಮೊದಲೇ ಒಂದು ದೊಡ್ಡ ಕನಸು ಬಿದ್ದು ಹೋಗಿತ್ತು. ಹುಡುಗನ ಅವ್ವ ನಮ್ಮ ಮನ್ಯಾಗ ಎರಡನೇ ಸಲ ಉಪ್ಪಿಟ್ಟು ಹಾಕ್ಕೊಳ್ಳೂವಾಗ ನಾ, "ಹೆಣ್ಣು ನೋಡಾಕ ಬಂದೀರೋ, ತಿನ್ನಾಕ ಬಂದೀರೋ?" ಅಂದಂಗ. ಖರೇ ಅಂದ್ನೋ, ಕನಸೋ? ಅವರ ಫೋನ್ ಬಂದಿಲ್ಲಂದ್ರ ಅಂದಿರಬೇಕು!

ಮನಿಯವರನ್ನ ಕೇಳಿದ್ನಿ. "ನೀ ಅಂದೀನಿ ಅಂದ್ರ ಅಂದಿ, ಇಲ್ಲಂದ್ರ ಇಲ್ಲ," ಅಂದ್ರು. ಮಗಳನ್ನ ಕೇಳೂ ಧೈರ್ಯ ಆಗಲಿಲ್ಲ. ಅಕಿ ಮಾತೇ ಕಡಿಮಿ ಮಾಡಿದ್ಲು, ಫೋನ್ ಹಿಡಕೊಂಡು ಕುಂದರತಿದ್ಲು. ಸಿಹಿಗೆ ಅಂತ ಕುಂದಾ ಡಬ್ಬಿ ತಗೊಂಡು ಗಂಡಾ-ಹೇಂತಿ ಖಾನಾಪುರ ಬಸ್ ಹತ್ತಿದ್ವಿ.

ನನ್ನ ನೋಡಿದಕೂಡ್ಲೇ ಹುಡುಗನ ಅವ್ವನ ಮಾರಿ ಬಿಳಚಿಕೊಂಡಿತು. ನಾ ಸೀದಾ ಕೈ ಮುಗದ್ನಿ.

"ಅಕ್ಕಾರ, ಅವತ್ತ ಉಪ್ಪಿಟ್ಟಿನ ಮಾತು ಹೊಟ್ಟ್ಯಾಗ ಹಾಕ್ಕೋರಿ."

"ನೀವೇನಂದ್ರಿ? ಅಂದಾಕಿ ನಾನು! 'ರೊಟ್ಟಿ ಮಾರೂ ಮನಿ ಹೆಣ್ಣು ನಮಗ ಬ್ಯಾಡ' ಅಂತ. ಆ ನಾಚಿಕಿಗೇ ಫೋನ್ ಮಾಡಾಕ ಬಾಯಿ ಬರಲಿಲ್ರಿ."

"ಛೇ, ನೀವು ಹಂಗ ಅಂದೇ ಇಲ್ಲ!"

"ಅಂದೇನ್ರಿ! ನನಗ ಚಲೋತಂಗ ನೆನಪೈತಿ!"

ತಪ್ಪು ನಂದು, ಅಲ್ಲ ನಂದು ಅಂತ ಜಗಳಕ್ಕೇ ನಿಂತ್ವಿ. ಕಡೀಕ ಹುಡುಗನ ಅಪ್ಪ ಒಳಗಿಂದ ನೀರು, ಗುಳಿಗಿ ಪಾಕೀಟು ತಂದು ಹೇಂತಿ ಮುಂದ ಹಿಡದು, "ಮೊದಲ ಇದನ್ನ ತಗೋ, ಮುಂಜಾನಿಂದ ತಗೊಂಡಿಲ್ಲ" ಅಂದ್ರು.

ಪಾಕೀಟು ನೋಡಿದ್ನಿ. ನನ್ನ ಪರ್ಸಿನ್ಯಾಗಿಂದ ನಂದೂ ತಗದು ಬಾಜೂಕ ಇಟ್ನಿ. ಅದೇ ಬಣ್ಣ, ಅದೇ ಹೆಸರು.

"ನಿಮಗೂ ಕನಸು ಬೀಳತಾವೇನ್ರಿ?" ಅಂದ್ನಿ.

"ಅಯ್ಯ, ಕೇಳಬ್ಯಾಡ್ರಿ! ಮಗನ ಲಗ್ನದ ಚಿಂತಿಗೆ ಕೊಟ್ಟಾರ." ಅವರು ನಗಾಕ ಹತ್ತಿದರು. ನನಗ ನಗಿ, ಅಳು ಎರಡೂ ಕೂಡಿ ಬಂದವು.

ಹುಡುಗನ ಅಪ್ಪ, "ನಮ್ಮ ಕಡಿಂದ ಹೂಂ ಐತ್ರಿ. ಆದ್ರ ಜಾತಕ ಕೂಡತಾವೇನು, ಒಮ್ಮೆ ತೋರಸಬೇಕಲ್ರಿ?" ಅಂದ್ರು.

ಅಲ್ಲೀತನಕ ತುಟಿ ಬಿಚ್ಚದ ನಮ್ಮ ಮನಿಯವರು ಡಬ್ಬಿ ಬಿಚ್ಚಿ, ಅವರ ಬಾಯಾಗ ಕುಂದಾ ತುರುಕಿದರು.

"ಗುಳಿಗೀನೇ ಕೂಡ್ಯಾವಲ್ರಿ ಬೀಗರ, ಇನ್ನ ಜಾತಕಾ ಯಾಕ ಬೇಕು?"