ಸಾಹೇಬನ ಕೆರೆತವೂ ಮೇಸ್ತ್ರಿಯ ಕಿಟ್ಟೂ

ನಾಯಿಗೆ ಕೆರೆತ ಎಂದು ಡಾಕ್ಟರ ಬಾಗಿಲಿಗೆ ಹೋಗಿ ನಿಲ್ಲುವುದೆಂದರೆ ಸೋಲೊಪ್ಪಿಕೊಂಡ ಹಾಗೆ, ತನ್ನ ಉಸಿರಿರುವವರೆಗೆ ಅದು ಆಗದ ಮಾತು ಎಂದು ಸೋಫಾ ಮೇಸ್ತ್ರಿ ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಘೋಷಿಸಿದ. ಬಾಯಿ ತುಂಬ ನೊರೆ ಇದ್ದದ್ದರಿಂದ ಘೋಷಣೆಯ ಅರ್ಧ ಭಾಗ ಕನ್ನಡಿಯ ಮೇಲೆ ಬಿತ್ತು. ಉಳಿದರ್ಧ ಹೆಂಡತಿಯ ಕಿವಿಗೆ ಬಿತ್ತು.

"ಮತ್ತೆ ಯಾರು ನೋಡ್ತಾರೆ? ನೀವಾ?"

"ನಾನೇ. ಮನೇಲೇ ಟೆಸ್ಟ್ ಮಾಡೋ ಕಿಟ್ ಬಂದಿದೆ ಕಣೇ. ನಾಯಿ ಕೂದಲು ಕಳಿಸಿದ್ರೆ ಸಾಕು, ಯಾವ್ಯಾವುದರ ಅಲರ್ಜಿ ಅಂತ ಫೋನಿಗೇ ರಿಪೋರ್ಟ್ ಬರುತ್ತೆ. ಆರ್ಡರ್ ಮಾಡಿ ಆಯ್ತು."

"ನಾಯಿ ವಿಷಯ ನಿಮಗೇನು ಗೊತ್ತು?"

"ನಾಯಿ ವಿಷಯ ಬಿಡು, ಕೂದಲ ವಿಷಯ ಗೊತ್ತು. ನಾರು, ಹತ್ತಿ, ಉಲ್ಲನ್, ಫರ್, ನನ್ನ ಬೆರಳಿಗೆ ಗುರುತು ಸಿಗದ ಎಳೆ ಇನ್ನೂ ಹುಟ್ಟಿಲ್ಲ."

ಇದು ಬರೀ ಜಂಭವೇನೂ ಆಗಿರಲಿಲ್ಲ. ಹರಿದ ಸೋಫಾ, ಕುಸಿದ ಕುರ್ಚಿಗಳಿಗೆ ಮರುಜನ್ಮ ಕೊಡುವುದರಲ್ಲಿ ಮೇಸ್ತ್ರಿಯದು ಎತ್ತಿದ ಕೈ. ಅದಕ್ಕೆ ಸಾಕ್ಷಿ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಮನೆ ತುಂಬ ಬೆಕ್ಕು ಸಾಕಿದ್ದ ಗಿರಾಕಿಯೊಬ್ಬ ಬೇಡವೆಂದು ಬಿಟ್ಟುಹೋಗಿದ್ದ ದೊಡ್ಡ ಒರಗು ಕುರ್ಚಿ ಅದು. ಮೇಸ್ತ್ರಿ ಅದನ್ನು ಮನೆಗೆ ತಂದ ದಿನವೇ ನಾಯಿ ಅದರ ಮೇಲೆ ಹತ್ತಿ ಕೂತಿತು, ಇಳಿಯಲಿಲ್ಲ. ಕುರ್ಚಿ ಹಿಡಿದರೆ ಬಿಡದ ಆ ಗುಣಕ್ಕೇ ಅದಕ್ಕೆ 'ಸಾಹೇಬ' ಎಂಬ ಹೆಸರು ಬಂದದ್ದು. ಕುರ್ಚಿಯ ತುಂಬ ಕಂದು ಕೂದಲು ಎಂದು ಹೆಂಡತಿ ದಿನವೂ ಗೊಣಗಿದಳು. ಮೇಸ್ತ್ರಿ ವಾದ ಮಾಡಲಿಲ್ಲ. ಅಂಗಡಿ ಅಂಗಡಿ ಅಲೆದು, ಥೇಟ್ ಸಾಹೇಬನದೇ ಬಣ್ಣದ ಫರ್ ಬಟ್ಟೆ ತಂದು, ಹಳೆಯ ಸ್ಪಂಜಿನ ಮೇಲೆಯೇ ಹೊಸ ಹೊದಿಕೆ ಹೊಡೆದುಬಿಟ್ಟ. ಉದುರಿದ ಕೂದಲು ಕಾಣುವ ಪ್ರಶ್ನೆಯೇ ಇಲ್ಲ. ಮಲಗಿದ ನಾಯಿಯೇ ಕಾಣುತ್ತಿರಲಿಲ್ಲ. ಪಕ್ಕದ ಮನೆಯ ಯಜಮಾನರು ಒಮ್ಮೆ ಆರಾಮಾಗಿ ಕೂರಲು ಹೋಗಿ ಸಾಹೇಬನ ಮೇಲೆ ಕೂತರು. ಇಬ್ಬರೂ ಒಂದೇ ದನಿಯಲ್ಲಿ ಕಿರುಚಿದರು.

"ಇದು ಬಟ್ಟೆ ಅಂತ ಯಾರಿಗೆ ಗೊತ್ತಾಗುತ್ತೆ, ಅಳಿಯಂದಿರೇ" ಎಂದು ಕುರ್ಚಿಯನ್ನು ಸವರಿ ಮೆಚ್ಚಿದವರು ಅತ್ತೆ ಒಬ್ಬರೇ. ಮಗಳ ಮನೆಯಲ್ಲೇ ಇದ್ದ ಅತ್ತೆ ಇಡೀ ದಿನ ಉಲ್ಲನ್ ಹೆಣೆಯುತ್ತ ಕೂರುವರು. ಬಿಸಿಲು ಅವರ ಕೋಣೆಗೆ ಬಂದ ಕೂಡಲೇ ಸಾಹೇಬ ಕುರ್ಚಿಯಿಂದಿಳಿದು ಹೋಗಿ ಅವರ ಪಾದದ ಮೇಲೆ ಗದ್ದವಿಟ್ಟು ಮಲಗುವನು. ಮೇಸ್ತ್ರಿಯ ಜೋಕುಗಳಿಗೆ ನಗುತ್ತಿದ್ದವರೂ ಆ ಮನೆಯಲ್ಲಿ ಅತ್ತೆ ಮಾತ್ರ.

ಕಿಟ್ ಬಂತು. ಮೇಸ್ತ್ರಿ ಗ್ಲೌಸು ತೊಟ್ಟು, ಚಿಮಟ ಹಿಡಿದು, ದೊಡ್ಡ ಆಪರೇಷನ್ನಿಗೆ ಹೊರಟವನಂತೆ ಎರಡೂ ಕೈ ಮೇಲೆತ್ತಿ ಬಂದ. ಸಾಹೇಬ ಒಮ್ಮೆ ಚಿಮಟವನ್ನು ನೋಡಿದ, ಒಮ್ಮೆ ಯಜಮಾನನ ಮುಖ ನೋಡಿದ, ಕಾಲಿಗೆ ಬುದ್ಧಿ ಹೇಳಿದ. ಮಂಚದ ಕೆಳಗೆ ನುಗ್ಗಿದವನ ಹಿಂದೆಯೇ ಮೇಸ್ತ್ರಿಯೂ ನುಗ್ಗಿದ. ಸಾಹೇಬ ಆ ಕಡೆಯಿಂದ ಹೊರಬಿದ್ದ. ಮೇಸ್ತ್ರಿ ಹೊಟ್ಟೆಯ ಬಳಿ ಸಿಕ್ಕಿಕೊಂಡ.

"ಟೆಸ್ಟ್ ಆಯ್ತಾ?" ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು.

"ನಡೀತಾ ಇದೆ" ಎಂದಿತು ಮಂಚದ ಕೆಳಗಿನ ದನಿ. "ಸ್ವಲ್ಪ ಕಾಲು ಹಿಡಿದು ಎಳಿ."

ಹೊರಗೆ ಬಂದು ಧೂಳು ಕೊಡವಿಕೊಳ್ಳುವಾಗ ಮೇಸ್ತ್ರಿಯ ತಲೆಯಲ್ಲಿ ದೀಪ ಹತ್ತಿತು. ನಾಯಿಯ ಹಿಂದೆ ಓಡುವುದೇಕೆ? ನಾಯಿ ಹಗಲೂ ರಾತ್ರಿ ಬಿದ್ದುಕೊಂಡಿರುವ ಕುರ್ಚಿ ಇಲ್ಲೇ ಇದೆಯಲ್ಲ! ಸಾಹೇಬ ಮಲಗಿ ಮಲಗಿ ಗುಂಡಿಬಿದ್ದ ಜಾಗಕ್ಕೇ ಚಿಮಟ ಹಾಕಿ ಎಳೆದ. "ಏನು ಗಟ್ಟಿ ಕೂದಲು ನೋಡೇ, ಬುಡಸಮೇತ ಬರ್ತಿದೆ" ಎಂದು ಬೀಗಿದ. ಒಂದು ಚಿಟಿಕೆ ಕಂಪನಿಯ ಲಕೋಟೆಗೆ ಹೋಯಿತು, ಇನ್ನೊಂದು ಚಿಟಿಕೆ ಬೇಕಾದೀತು ಎಂದು ಪುಟ್ಟ ಚೀಲದಲ್ಲಿ ಪರ್ಸಿಗೆ ಹೋಯಿತು.

ರಿಪೋರ್ಟ್ ಬಂದ ದಿನ ಮೇಸ್ತ್ರಿ ಮನೆಮಂದಿಯನ್ನೆಲ್ಲ ಕೂರಿಸಿ, ಗಂಟಲು ಸರಿಮಾಡಿಕೊಂಡು ಓದಿದ. ಸಾಹೇಬನಿಗೆ ಮೊಟ್ಟೆ ಆಗದು. ಹಾಲು ಆಗದು. ಕೋಳಿ ಆಗದು. ಬ್ರೆಡ್ಡು, ಮುಖದ ಪೌಡರು ಯಾವುದೂ ಆಗದು.

"ಆಗೋದು ಏನಾದ್ರೂ ಇದೆಯಾ?" ಎಂದಳು ಹೆಂಡತಿ.

"ಕುಂಬಳಕಾಯಿ."

ಅಂದಿನಿಂದ ಮನೆಯಲ್ಲಿ ಕುಂಬಳಕಾಯಿಯ ರಾಜ್ಯಭಾರ ಶುರುವಾಯಿತು. ಮೊಟ್ಟೆ ತಿಂದವರು ಹೊರಗಿನ ನಲ್ಲಿಯಲ್ಲಿ ಬಾಯಿ ಮುಕ್ಕಳಿಸದೆ ಹೊಸ್ತಿಲು ದಾಟುವಂತಿಲ್ಲ ಎಂಬ ಕಾನೂನೂ ಬಂತು. ಕಾನೂನು ಮಾಡಿದವನೇ ವರ್ಕ್‌ಶಾಪಿನಲ್ಲಿ ಕದ್ದು ಆಮ್ಲೆಟ್ ತಿಂದು, ಕತ್ತಲಲ್ಲಿ ನಲ್ಲಿಯ ಬಳಿ ಮುಕ್ಕಳಿಸುತ್ತಿದ್ದಾಗ ಹೆಂಡತಿಯ ಕೈಗೆ ಸಿಕ್ಕಿಬಿದ್ದ.

ಆದರೆ ರಿಪೋರ್ಟಿನ ಕೊನೆಯ ಸಾಲನ್ನು ಓದುವಾಗ ಮೇಸ್ತ್ರಿಯ ದನಿ ಅಂದೇ ಇಳಿದಿತ್ತು. ಕೊನೆಯ ಸಾಲಿನಲ್ಲಿ ಉಲ್ಲನ್ ಇತ್ತು.

ಅತ್ತೆಯ ಕೈಯಲ್ಲಿದ್ದ ಕಡ್ಡಿಗಳು ನಿಂತವು. "ಅಂದ್ರೆ ನಮ್ಮ ಹುಡುಗನಿಗೆ ನನ್ನಿಂದಲೇ ಕೆರೆತಾನಾ?"

ಅಲ್ಲ ಎಂಬ ಮಾತು ಮೇಸ್ತ್ರಿಯ ನಾಲಗೆ ತುದಿಗೆ ಬಂದಿತ್ತು. ಆದರೆ ರಿಪೋರ್ಟಿನ ಒಂದು ಸಾಲು ಸುಳ್ಳೆಂದರೆ ಉಳಿದ ಸಾಲುಗಳ ಗತಿಯೇನು? "ನಾನು ಹೇಳ್ತಿಲ್ಲ ಅತ್ತೆ, ಕಂಪನಿಯವರು ಹೇಳ್ತಿದ್ದಾರೆ" ಎಂದು ನೆಲ ನೋಡಿದ.

ಅತ್ತೆಯ ಕೋಣೆಯ ಬಾಗಿಲು ಮುಚ್ಚಿತು. ಸಾಹೇಬ ಹೊರಗೆ ಬಾಗಿಲ ಸಂದಿಗೆ ಮೂಗು ತೂರಿಸಿ ಮಲಗಿದ, ಕುಂಯ್ಗುಟ್ಟಿದ, ಬೇಸರಕ್ಕೆ ಮತ್ತೆ ಕುರ್ಚಿ ಹತ್ತಿ ಮೊದಲಿಗಿಂತ ಜೋರಾಗಿ ಕೆರೆದುಕೊಂಡ. ಮೇಸ್ತ್ರಿ ಊಟದ ಹೊತ್ತಿಗೆ ಒಂದು ಜೋಕು ಹೇಳಿದ. ಯಾರೂ ನಗಲಿಲ್ಲ. ಮನೆ ಬಿಕೋ ಎನ್ನುತ್ತಿತ್ತು, ಅವನಿಗೆ ಒಳಗೊಳಗೇ ನಾಚಿಕೆಯಾಗುತ್ತಿತ್ತು.

ಕೊನೆಗೊಂದು ಬೆಳಿಗ್ಗೆ ಅತ್ತೆ ಚೀಲ ಹಿಡಿದು ಹೊರಬಂದರು. "ಬಾಗಿಲಿನ ಆಚೆ ಅವನು ಅಳ್ತಾನೆ, ಈಚೆ ನಾನು. ಇದ್ಯಾವ ಸುಖ? ಚಿಕ್ಕ ಮಗನ ಮನೆಗೆ ಹೋಗ್ತೀನಿ. ನನ್ನ ಗಾಳಿ ತಾಕದೆ ಇದ್ರೆ ವಾಸಿಯಾಗ್ತಾನೇನೋ."

ಹೋಗಬೇಡಿ ಎನ್ನಬೇಕಿದ್ದ ಮೇಸ್ತ್ರಿ ಫೋನು ತೆಗೆದು ರಿಪೋರ್ಟಿನ ಕೊನೆಯ ಸಾಲನ್ನೇ ಮತ್ತೆ ನೋಡಿದ. ಶಾಲೆಯ ವ್ಯಾನ್ ಓಡಿಸುವ ಹೆಂಡತಿ ಬೀಗದ ಕೈ ತೆಗೆದುಕೊಂಡಳು. "ಎಲ್ಲರೂ ಹತ್ತಿ. ಮೊದಲು ನಾಯಿ ಡಾಕ್ಟರು, ಆಮೇಲೆ ಬಸ್ ಸ್ಟ್ಯಾಂಡು. ನೀವೂ ಹತ್ರೀ, ಮಾತಾಡಬೇಡಿ."

ಮಕ್ಕಳ ಪುಟಾಣಿ ಸೀಟಿನಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಮೇಸ್ತ್ರಿ ಕೂತ. ಸಾಹೇಬ ಸೀದಾ ಹೋಗಿ ಅತ್ತೆಯ ತೊಡೆಯೇರಿದ, ಅವರ ಉಲ್ಲನ್ ಶಾಲಿನೊಳಗೆ ತಲೆ ಹುದುಗಿಸಿದ. ಯಾರೂ ಇಳಿಸುವ ಧೈರ್ಯ ಮಾಡಲಿಲ್ಲ.

ಡಾಕ್ಟರಮ್ಮ ರಿಪೋರ್ಟ್ ಓದಿ ಹುಬ್ಬೇರಿಸಿದರು. "ಕೂದಲು ಎಲ್ಲಿಂದ ತೆಗೆದ್ರಿ?"

"ಅವನದೇ. ಮಿಕ್ಕಿದ್ದು ಇಲ್ಲಿದೆ ನೋಡಿ" ಎಂದು ಮೇಸ್ತ್ರಿ ಪರ್ಸಿನಲ್ಲಿದ್ದ ಪುಟ್ಟ ಚೀಲ ಮುಂದಿಟ್ಟ.

ಡಾಕ್ಟರಮ್ಮ ಬೆಳಕಿಗೆ ಹಿಡಿದು ನೋಡಿದರು. "ಸ್ವಲ್ಪ ಹೊಳಪು ಜಾಸ್ತಿ ಅನ್ನಿಸ್ತಿದೆ."

ಮೇಸ್ತ್ರಿಗೆ ಮೈ ಉರಿಯಿತು. ಎಳೆಯ ವಿಷಯದಲ್ಲಿ ಅವನಿಗೇ ಪಾಠವೇ? "ಡಾಕ್ಟ್ರೇ, ನಮ್ಮ ಕಸುಬಲ್ಲಿ ಇದಕ್ಕೊಂದು ಪರೀಕ್ಷೆ ಇದೆ. ಅಸಲಿ ಕೂದಲು ಸುಟ್ರೆ ಕಮಟು ವಾಸನೆ ಬಂದು ಬೂದಿಯಾಗುತ್ತೆ. ನಕಲಿಯಾದ್ರೆ ಕರಗಿ ಗುಂಡಗಾಗುತ್ತೆ. ಈಗ್ಲೇ ತೋರಿಸ್ತೀನಿ, ನೋಡಿ."

ಡಾಕ್ಟರಮ್ಮನ ಮೇಜಿನ ಮೇಲಿದ್ದ ಚಿಮಟದಲ್ಲಿ ನಾಲ್ಕೆಳೆ ಹಿಡಿದು, ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಕಡ್ಡಿ ಗೀರಿದ. ಎಳೆಗಳು ಸೊರಗಿ, ಮುದುಡಿ, ಕರಗಿ, ಮೆಣಸಿನ ಕಾಳಿನಂಥ ಕಪ್ಪು ಗುಂಡಾಗಿ ಚಿಮಟದ ತುದಿಗೆ ಅಂಟಿಕೊಂಡವು. ಕೋಣೆಯಲ್ಲಿ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಹಬ್ಬಿತು.

ಮೇಸ್ತ್ರಿಯ ಮುಖ ಹುಳ್ಳಗಾಯಿತು. "ಅವನು ಮಲಗೋ... ಕುರ್ಚಿಯಿಂದ ತೆಗೆದಿದ್ದೆ" ಎಂದ, ಯಾರಿಗೂ ಕೇಳಿಸಬಾರದೆಂಬಂತೆ.

ಹೆಂಡತಿಗೆ ಕೇಳಿಸಿತು. "ಅಂದ್ರೆ ಇಷ್ಟು ದಿನ ನಾವು ಕುಂಬಳಕಾಯಿ ತಿಂದಿದ್ದು ಕುರ್ಚಿಗೆ ಮೊಟ್ಟೆ ಆಗಲ್ಲ ಅಂತಾನಾ?"

ಡಾಕ್ಟರಮ್ಮ ನಗು ಅದುಮಿಕೊಂಡು ಸಾಹೇಬನ ಬೆನ್ನಿಗೆ ಬಾಚಣಿಗೆ ಹಾಕಿದರು. ಬಿಳಿ ಕಾಗದದ ಮೇಲೆ ಒಂದು ಚಿಗಟ ಟಣ್ಣನೆ ಹಾರಿತು, ಹಿಂದೆಯೇ ಅದರ ಬಳಗ. "ಬೆಕ್ಕಿನ ಚಿಗಟ. ಇದಕ್ಕೆ ಔಷಧಿ ಕೊಡ್ತೀನಿ. ಮನೆಗೆ ಬೆಕ್ಕು ಮಲಗಿದ್ದ ಹಳೇ ಹಾಸಿಗೆ, ಸ್ಪಂಜು ಏನಾದ್ರೂ ತಂದಿದ್ರಾ?"

ಎಲ್ಲರೂ ಮೇಸ್ತ್ರಿಯ ಮುಖ ನೋಡಿದರು.

"ಅತ್ತೆ, ತಪ್ಪಾಯ್ತು" ಎಂದ ಮೇಸ್ತ್ರಿ. "ಆ ಚೀಲ ಇಲ್ಲಿ ಕೊಡಿ. ನೀವು ಎಲ್ಲಿಗೂ ಹೋಗೋದು ಬೇಡ." ದನಿ ಒಡೆಯಿತು, ಮುಚ್ಚಿಕೊಳ್ಳಲೂ ಹೋಗಲಿಲ್ಲ. ಅತ್ತೆ ಚೀಲ ಕೊಟ್ಟರು, ಕೊಡುವಾಗ ಅಳಿಯನ ಕೈಯನ್ನು ಒಮ್ಮೆ ಒತ್ತಿದರು.

ಸಂಜೆ ಕುರ್ಚಿ ಅಂಗಳಕ್ಕೆ ಬಿತ್ತು. ಸಾಹೇಬ ಅತ್ತೆಯ ಪಾದದ ಮೇಲೆ ಗದ್ದವಿಟ್ಟು ಗೊರಕೆ ಹೊಡೆದ, ಕಡ್ಡಿಗಳು ಮತ್ತೆ ಟಿಕಟಿಕ ಎಂದವು. ಮೇಸ್ತ್ರಿ ಆಮ್ಲೆಟ್ ತಟ್ಟೆ ಹಿಡಿದು ಮೂಲೆಯಲ್ಲಿ ಬೆಪ್ಪಾಗಿ ಕೂತಿದ್ದ.

"ಏನೇ ಹೇಳಿ" ಎಂದರು ಅತ್ತೆ, "ಅಷ್ಟು ದೊಡ್ಡ ಕಂಪನಿಯವರಿಗೇ ಅದು ಬಟ್ಟೆ ಅಂತ ಗೊತ್ತಾಗ್ಲಿಲ್ಲ. ಅಂಥಾ ಕೆಲಸ ನಮ್ಮ ಅಳಿಯಂದಿರದು."

ಮೇಸ್ತ್ರಿಯ ಎದೆ ಒಂದಿಂಚು ಉಬ್ಬಿತು. ಅಷ್ಟರಲ್ಲಿ ಕುತ್ತಿಗೆಯ ಹಿಂದೆ ಏನೋ ಚುರುಕ್ಕೆಂದಿತು. ತಡೆದುಕೊಂಡ. ಮತ್ತೆ ಚುರುಕ್ಕೆಂದಿತು. ಯಾರೂ ನೋಡುತ್ತಿಲ್ಲ ಎಂದುಕೊಂಡು ಮೆಲ್ಲಗೆ ಕೆರೆದುಕೊಂಡ.

ಹೆಂಡತಿ ನೋಡುತ್ತಿದ್ದಳು. "ನಿಮಗೂ ಒಂದು ಕಿಟ್ ತರಿಸ್ಲಾ? ಡಾಕ್ಟರ ಹತ್ರ ಹೋದ್ರೆ ಸೋಲೊಪ್ಪಿಕೊಂಡ ಹಾಗಾಗುತ್ತಲ್ವಾ?"

ಮೇಸ್ತ್ರಿ ತಟ್ಟೆ ಕೆಳಗಿಟ್ಟು, ಎರಡೂ ಕೈಯಲ್ಲಿ ಕುತ್ತಿಗೆ ಪರಪರ ಕೆರೆಯುತ್ತ ಎದ್ದ.

"ವ್ಯಾನ್ ತೆಗಿ" ಎಂದ.