ಅಂಡಮಾನಿಗೆ ಮುಂಚೆ ಓದಬೇಕಾದದ್ದು

ನಮ್ಮ ಸೋದರಮಾವ ಕಾಶಿಯಿಂದ ಕನ್ಯಾಕುಮಾರಿಯವರೆಗೆ ಇಡೀ ದೇಶವನ್ನು ಬಲ್ಲವರು. ನೋಡಿದ್ದು ಮಾತ್ರ ರಾಜಾಜಿನಗರ! ಎಲ್ಲಿಗೇ ಹೊರಟರೂ ಆ ಊರಿನ ಬಗ್ಗೆ ಸಿಗುವ ಪುಸ್ತಕಗಳನ್ನೆಲ್ಲ ಮೊದಲು ಓದಿ ಮುಗಿಸಬೇಕು ಎಂಬುದು ಅವರ ವ್ರತ. ಓದು ಮುಗಿಯುವ ಮೊದಲೇ ರಜೆ ಮುಗಿದಿರುತ್ತಿತ್ತು. ಮದುವೆಯಾದ ಹೊಸದರಲ್ಲಿ ಊಟಿಗೆ ಹೊರಟವರು ನೀಲಗಿರಿಯ ಗಿಡಮರಗಳ ಮೇಲಿನ ದಪ್ಪ ಪುಸ್ತಕವೊಂದಕ್ಕೆ ಸಿಕ್ಕಿಬಿದ್ದು, ಕಡೆಗೆ ಲಾಲ್‌ಬಾಗಿಗೆ ಹೋಗಿ ಬಂದರಂತೆ. "ಅಲ್ಲಿರೋ ಗಿಡ ಎಲ್ಲಾ ಇಲ್ಲೂ ಇದೆ ಕಣೇ" ಎಂದು ಅತ್ತೆಗೆ ಸಮಾಧಾನವನ್ನೂ ಹೇಳಿದರಂತೆ.

ಎಪ್ಪತ್ತರ ದಶಕದ ಕೊನೆಗೆ ಮಾವನ ನಿವೃತ್ತಿ ಹತ್ತಿರ ಬಂತು. ಕಚೇರಿಯ ಖರ್ಚಿನಲ್ಲಿ ಊರು ಸುತ್ತುವ ಎಲ್.ಟಿ.ಸಿ. ಇನ್ನೊಂದೇ ಸಲ ಉಳಿದಿತ್ತು. ಅತ್ತೆ ದಾವಣಗೆರೆ ಕಡೆಯವರು, ಹುಟ್ಟಿದಾಗಿನಿಂದ ಸಮುದ್ರ ಕಂಡವರಲ್ಲ. "ಈ ಸಲ ಸುತ್ತಲೂ ಸಮುದ್ರ ಇರೋ ಕಡೆಗೇ ಕರ್ಕೊಂಡ್ಹೋಗಿ. ಯಾವ ಕಡೆ ತಿರುಗಿದ್ರೂ ಕಾಣಬೇಕು" ಎಂದು ಹಟ ಹಿಡಿದರು. ಮದರಾಸಿನಿಂದ ಹಡಗಿನಲ್ಲಿ ಅಂಡಮಾನ್ ಎಂದು ನಿಶ್ಚಯವಾಯಿತು. ಮಾವ ಆ ಸಂಜೆಯೇ ಬೀದಿಯ ಕೊನೆಯ ಸರ್ಕ್ಯುಲೇಟಿಂಗ್ ಲೈಬ್ರರಿಗೆ ಹೋಗಿ, "ದ್ವೀಪ ಅಂತ ಇರೋದೆಲ್ಲಾ ಕೊಡಪ್ಪಾ" ಎಂದರು. ಕೆಲವು ವಾರ ಕಳೆದ ಮೇಲೆ ಲೈಬ್ರರಿಯವನು ಕೈಚೆಲ್ಲಿದ.

"ಸಾರ್, ದ್ವೀಪ ಎಲ್ಲಾ ಖಾಲಿ. ಪರ್ಯಾಯ ದ್ವೀಪ ಒಂದಿದೆ, ಅಡ್ಜಸ್ಟ್ ಮಾಡ್ಕೋತೀರಾ?"

ಮಾವ ಅಡ್ಜಸ್ಟ್ ಮಾಡಿಕೊಂಡರು.

ಓದಿದ್ದನ್ನು ಓದಿ ಸುಮ್ಮನಿರುವ ಆಸಾಮಿಯೇ ಅವರು? ಹಡಗು ಒಡೆದು ದ್ವೀಪ ಸೇರಿದವರು ಬರೀ ತೆಂಗಿನಕಾಯಿ ತಿಂದು ಬದುಕಿದರೆಂದು ಓದಿದ್ದೇ ತಡ, ಅಭ್ಯಾಸವಾಗಲೆಂದು ಊಟ ಬಿಟ್ಟರು. ಅತ್ತೆ ಅವರ ತಟ್ಟೆಗೆ ಒಂದು ಹೋಳು ಕಾಯಿ ಹಾಕಿ, ಎದುರಿಗೇ ಕೂತು ಬಿಸಿ ರೊಟ್ಟಿ, ಎಣ್ಣೆಗಾಯಿ ಊಟ ಮಾಡಿದರು. ಮರುದಿನ ಬೆಳಿಗ್ಗೆ ಮಾವ, "ಕಾಯಿನ ಚಟ್ನಿ ಮಾಡಿದ್ರೂ ಅದು ಕಾಯೇ ಅಲ್ವೇನೇ?" ಎಂದರು.

"ಚಟ್ನಿ ಜೊತೆಗೆ ಏನು ಮಾಡ್ಲಿ?"

"ಎರಡು ದೋಸೆ ಇರಲಿ."

ಆಮೇಲೆ ಈಜಿನ ಪುಸ್ತಕ ಬಂತು. ಪುಸ್ತಕ ನೆಲದ ಮೇಲೆ, ಮಾವ ಬೆಂಚಿನ ಮೇಲೆ ಬೋರಲು, ಕೈಕಾಲು ಗಾಳಿಯಲ್ಲಿ. ಪುಟ ತಿರುಗಿಸಬೇಕಾದಾಗಲೆಲ್ಲ ಪಾಪ, ಮುಳುಗುತ್ತಿದ್ದರು! ಒಂದು ದಿನ ಹಾಲಿನವನು ಬಾಗಿಲಲ್ಲಿ ನಿಂತು ಇದನ್ನು ನೋಡಿ, "ಅಮ್ಮಾ, ಸಾರ್‌ಗೆ ಫಿಟ್ಸ್ ಬಂದಿದೆ, ಬೇಗ ಬೀಗದ ಕೈ ತನ್ನಿ" ಎಂದು ಕೂಗಿಕೊಂಡ.

ಅತ್ತೆ ಪಾತ್ರೆ ಹಿಡಿದು ಹೊರಗೆ ಬಂದರು. "ಏನೂ ಇಲ್ಲಪ್ಪಾ, ಸಮುದ್ರದಲ್ಲಿದಾರೆ. ನೀನು ಹಾಲು ಹಾಕು."

ಹಡಗು ಹೊರಡುವ ವಾರ ಬಂತು. ಆಗ ಮಾವ, "ಇನ್ನೊಂದು ನಾಲ್ಕು ಪುಸ್ತಕ ಉಳಿದಿದೆ. ಮುಂದಿನ ಹಡಗಿಗೆ ಹೋಗೋಣ" ಎಂದುಬಿಟ್ಟರು. ಮುಂದಿನ ಹಡಗಿನ ಹೊತ್ತಿಗೆ ಅವರು ನಿವೃತ್ತರು, ಅಂದರೆ ಅತ್ತೆಗೆ ಸಮುದ್ರವಿಲ್ಲ. ಅತ್ತೆ ಜಗಳವಾಡಲಿಲ್ಲ. ಒಳಗೆ ಹೋಗಿ, ಟ್ರಂಕಿನಲ್ಲಿ ಜೋಡಿಸಿದ್ದ ಸೀರೆಗಳನ್ನು ಒಂದೊಂದಾಗಿ ತೆಗೆದು ಬೀರುವಿಗೆ ಇಡತೊಡಗಿದರು. ಆಗ ಅವರ ಮನೆಯಲ್ಲೇ ಇದ್ದ ನಾನು ಇದನ್ನು ನೋಡಿ ನೆಟ್ಟಗೆ ಮಾವನ ಹತ್ತಿರ ಹೋದೆ.

"ಏನ್ ಮಾವ, ನಿಮ್ಮ ಓದಿಗೆ ಕೊನೆಯೇ ಇಲ್ವಾ?" ಎಂದು ರೇಗಿದೆ.

ಮಾವ ಕೋಣೆಯ ಕಡೆ ನೋಡಿ ದನಿ ತಗ್ಗಿಸಿದರು. "ಅವಳಿಗೆ ಈಜು ಬರಲ್ಲ ಕಣೋ. ನನಗೂ ಬರ್ತಾ ಇಲ್ಲ. ಏನಾದ್ರೂ ಆದ್ರೆ ಅವಳನ್ನ ಹೆಂಗೆ ಹಿಡ್ಕೊಳ್ಳೋದು ಅಂತ ಒಂದು ಪುಸ್ತಕದಲ್ಲೂ ಸರಿಯಾಗಿ ಬರೆದಿಲ್ಲ."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಎಷ್ಟು ತಗ್ಗಿಸಿದರೇನು, ಆ ಪುಟ್ಟ ಮನೆಯಲ್ಲಿ ಯಾವ ಮಾತು ತಾನೇ ಗುಟ್ಟಾಗಿ ಉಳಿದೀತು? ಅತ್ತೆ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದರು.

"ಪುಸ್ತಕ ಎಲ್ಲಾ ವಾಪಸ್ ಕೊಟ್ಟು ಬನ್ನಿ. ಮುಳುಗಿದ್ರೆ ಇಬ್ರೂ ಒಟ್ಟಿಗೇ ಮುಳುಗೋಣ" ಎಂದು, ಸೀರೆಗಳನ್ನು ಮತ್ತೆ ಟ್ರಂಕಿಗೆ ತುಂಬಿದರು.

ಹಡಗು ಹತ್ತಿಸಲು ನಾನೂ ಮದರಾಸಿಗೆ ಹೋದೆ. ಹಿಂದಿನ ದಿನ ಸಂಜೆ ಮೂವರೂ ಸಮುದ್ರ ತೀರಕ್ಕೆ ಹೋದೆವು. ಅತ್ತೆ ಚಪ್ಪಲಿ ಕಳಚಿ ಅಲೆಗಳ ಕಡೆಗೆ ನೆಟ್ಟಗೆ ನಡೆದರು. ನೀರು ಮೊಣಕಾಲಿಗೆ ಬಡಿದಾಗ ಅವರು ನಕ್ಕ ನಗು ನಾನು ಅದುವರೆಗೆ ಕೇಳಿರಲಿಲ್ಲ. ಮಾವ ಪ್ಯಾಂಟು ಮಡಿಸುವುದನ್ನೂ ಮರೆತು ಅವರ ಬೆನ್ನಿಗೇ ನೀರಿಗಿಳಿದು, ಎರಡೂ ಕೈಯಲ್ಲಿ ಅವರ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದು ನಿಂತಿದ್ದರು.

"ಬಿಡ್ರೀ, ಜನ ನೋಡ್ತಾರೆ" ಎಂದರು ಅತ್ತೆ.

"ನೋಡ್ಲಿ ಬಿಡು. ನೀನು ಸಮುದ್ರ ನೋಡು" ಎಂದರು ಮಾವ.