ಕಾಕಾ ಕುಡಿಸಿದ ನೀರು

ನಮ್ಮ ಕಾಕಾ ಮದುವೆಗೆ ಹೋದರೆ ಹೋಳಿಗೆ ಬೀಗರದು, ನೀರು ಮಾತ್ರ ತಮ್ಮದು! ಹೆಗಲಿಗೆ ಕ್ಯಾನು ತೂಗಿಹಾಕಿಕೊಂಡು ಪಂಕ್ತಿಯಲ್ಲಿ ಕೂರುವ ಇನ್ನೊಬ್ಬ ಮನುಷ್ಯ ಇಡೀ ಪುಣೆಯಲ್ಲಿದ್ದರೆ ತೋರಿಸಿ, ಇಷ್ಟಕ್ಕೇ ಬರೆಯುವುದನ್ನು ನಿಲ್ಲಿಸುತ್ತೇನೆ.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಯೆರವಡಾದಲ್ಲಿ ಅವರ ಮನೆ, ಹಿತ್ತಲಲ್ಲಿ ಹಳೆಯ ಬಾವಿ. ಅಡುಗೆಮನೆಗೆ ಕಾರ್ಪೊರೇಷನ್ ನಳ ಬಂದಿದ್ದರೂ ಅದರ ಯೋಗ್ಯತೆ ಪಾತ್ರೆ ತೊಳೆಯುವುದಕ್ಕಷ್ಟೇ, ಕುಡಿಯಲು ಬಾವಿಯ ನೀರೇ. "ನಳದ ನೀರಿಗಿ ಔಷಧದ ವಾಸನಿ ಅದ. ಇದನ್ನ ಕುಡದ ನೋಡ್ರಿ, ಎಳನೀರ ಇದ್ದಂಗ ಅದ!" ಸಿಲಿಂಡರ್ ತಂದವನು, ಮೀಟರ್ ನೋಡಲು ಬಂದವನು, ಪಾಪ, ವಿಳಾಸ ತಪ್ಪಿ ಬಂದವನು, ಯಾರೂ ಒಂದು ಚೊಂಬು ಕುಡಿಯದೆ ಗೇಟು ದಾಟುವಂತಿರಲಿಲ್ಲ. ಅವರ ಹೆಂಡತಿ, ನಮ್ಮ ಕಾಕು, ನಗುತ್ತಲೇ ದೂರುತ್ತಿದ್ದರು: "ನನ್ನ ಚಹಾ ಛಲೋ ಆಗ್ಯದ ಅಂತ ಒಂದ ದಿನ ಅಂದಿಲ್ಲ ಈ ಮನಷ್ಯಾ. ಚಹಾದಾಗಿನ ನೀರ ಛಲೋ ಅದ ಅಂತಾರ!"

ಶಿವಾಜಿನಗರದ ಆಫೀಸಿಗೆ ಹೋಗುವಾಗ ನನ್ನ ಪುಟ್ಟ ಮಗಳನ್ನು ಅವರ ಬಳಿಯೇ ಬಿಡುತ್ತಿದ್ದೆ. ಬೇಸಿಗೆ ಕಳೆಯುವ ಹೊತ್ತಿಗೆ ಅವಳು ಸೊರಗತೊಡಗಿದಳು. ಹೊಟ್ಟೆನೋವು, ಊಟ ಬೇಡ, ಮಾತುಮಾತಿಗೆ ರಂಪ. ಜಂತಿನ ಔಷಧ ಕೊಟ್ಟಾಯಿತು, ದೃಷ್ಟಿ ತೆಗೆದಾಯಿತು. ಕಾಕಾನ ಚಿಕಿತ್ಸೆ ಒಂದೇ: "ಕೂಸಿಗಿ ಇನ್ನೊಂದ ಲೋಟ ನೀರ ಕುಡಸ್ರಿ!"

ಕೊನೆಗೆ ರಕ್ತಪರೀಕ್ಷೆ ಮಾಡಿಸಿದ ಡಾಕ್ಟರು ಮರಾಠಿಯಲ್ಲಿ, "ರಕ್ತಾತ್ ಶಿಸೆ ಆಹೇ" ಎಂದರು. ಮಗಳು ಸೀಸೆಯ ಚೂರು ನುಂಗಿದ್ದಾಳೆಂದುಕೊಂಡು ನಾನು ಅಲ್ಲೇ ಹೋ ಎಂದು ಅತ್ತೆ! ಗಾಜಲ್ಲ, ಸೀಸ, ಬ್ಯಾಟರಿಯೊಳಗಿನ ಲೋಹ ಎಂದು ಅವರು ಬಿಡಿಸಿ ಹೇಳಿದರು. ಅದು ಮಕ್ಕಳ ಮಿದುಳಿಗೇ ಕೈಹಾಕುತ್ತದೆ ಎಂದೂ ಹೇಳಿದರು. ನನ್ನ ಅಳು ನಿಂತೇಹೋಯಿತು.

ಬ್ಯಾಟರಿ ಎಂದ ಕೂಡಲೇ ಕಾಕಾನ ಹಿತ್ತಲ ಗೋಡೆಯಾಚೆಯ ತಗಡಿನ ಶೆಡ್ಡು ನೆನಪಾಯಿತು. ಅಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದರು. ಬಾವಿ ನೀರನ್ನು ಪರೀಕ್ಷೆಗೆ ಕೊಡೋಣ ಎಂದೆ. ಕಾಕಾ ಕೆಂಡವಾದರು.

"ಇಷ್ಟ ವರ್ಷ ಕುಡದೀನಿ, ನನಗೇನ ಆಗ್ಯದ? ಸೀಸ ಇದ್ರ ನನ್ನ ನಾಲಿಗಿಗಿ ಗೊತ್ತಾಗೂದಿಲ್ಲೇನು?"

"ಅದಕ್ಕ ರುಚಿನೇ ಇಲ್ಲರಿ ಕಾಕಾ."

"ರುಚಿ ಇಲ್ಲದ್ದು ನಳದ ನೀರಿಗಿ!"

ಆದರೂ ಒಳಗೊಳಗೇ ಹೆದರಿದ್ದರೇನೋ. ನೀರನ್ನು ಕುದಿಸಿದರು, ನಾಲ್ಕು ಮಡಿಕೆಯ ಪಂಚೆಯಲ್ಲಿ ಸೋಸಿದರು, ತುಳಸಿ ಹಾಕಿದರು. ಕುದಿಸಿದರೆ ನೀರು ಆವಿಯಾಗುತ್ತದೆಯೇ ಹೊರತು ಸೀಸ ಹೋಗುವುದಿಲ್ಲ ಎಂದು ಡಾಕ್ಟರು ತಿಳಿಸಿ ಹೇಳಿದ ದಿನ ಪಾತ್ರೆಯ ಕೆಳಗಿನ ಉರಿ ಆರಿಸಿಬಿಟ್ಟರು. ಅಷ್ಟರಲ್ಲಿ ನಾನು ಕೊಟ್ಟುಬಂದಿದ್ದ ನೀರಿನ ಪರೀಕ್ಷೆಯ ಫಲ ಬಂತು. ಬಾವಿಯ ತುಂಬ ಸೀಸ! ಕಾಕಾ ಎದ್ದು ರಾಟೆಯ ಹಗ್ಗ ಬಿಚ್ಚಿದರು.

ಮರುದಿನದಿಂದ ಬೇರೆಯೇ ಅವತಾರ. ಹಿಂದೆ ಕುಡಿಸಿದವರನ್ನೆಲ್ಲ ಹುಡುಕಿ ಹೋಗಿ, "ರಕ್ತ ತಪಾಸ ಮಾಡಸ್ರಿ" ಎಂದು ದುಂಬಾಲು ಬಿದ್ದರು. ಮೀಟರಿನವನು ಇವರನ್ನು ಕಂಡರೆ ಗಲ್ಲಿ ಬದಲಿಸುತ್ತಿದ್ದ! ಶೆಡ್ಡಿನ ಮೇಲೆ ದೂರು ಕೊಡಲು ಮಾಲಿನ್ಯ ನಿಯಂತ್ರಣ ಕಚೇರಿಗೆ ಅಲೆದಲೆದರು; ಒಮ್ಮೆ ಅಲ್ಲಿಯ ಜವಾನ ಕುರ್ಚಿ ಕೊಟ್ಟು ನೀರು ತಂದಿಟ್ಟರೆ, "ಇದರದು ತಪಾಸಣಿ ಆಗ್ಯದೇನು?" ಎಂದು ಅವನನ್ನೇ ಕೇಳಿದರಂತೆ.

ಅಂತೂ ಶೆಡ್ಡಿಗೆ ಬೀಗ ಬಿತ್ತು. ಕಚೇರಿಯವರು ಅಲ್ಲಿಯ ಕರಿ ಮಣ್ಣನ್ನು ಅಗೆದು ಮೂಟೆ ಕಟ್ಟಿ ಸಾಗಿಸಿದರು. ಬಾವಿಯ ನೀರನ್ನೆಲ್ಲ ಟ್ಯಾಂಕರಿಗೆ ಎತ್ತಿ, ಹೂಳು ತೆಗೆದು, ಮತ್ತೆ ಮತ್ತೆ ಪರೀಕ್ಷಿಸಿದರು. ಕಾಕಾ ಛತ್ರಿ ಹಿಡಿದು ನಿಂತು, "ಮೂಲ್ಯಾಗ ಉಳದದ ನೋಡ್ರಿ!" ಎಂದು ಕೂಗುತ್ತಿದ್ದರು. ಮನೆಯಲ್ಲಿ ಹಗ್ಗ ಬಿಚ್ಚಿದ ದಿನದಿಂದಲೇ ಎಲ್ಲರೂ ನಳದ ನೀರನ್ನೇ ಕುಡಿಯತೊಡಗಿದ್ದೆವು.

ನನ್ನ ಎದೆ ಮಾತ್ರ ಸುಮ್ಮನಾಗಲಿಲ್ಲ. ಸಂಜೆಯಾದರೆ ಮಗಳನ್ನು ಕೂರಿಸಿಕೊಂಡು ಬಣ್ಣ ಹೇಳಿಸುವುದು, ಪ್ರಾಣಿ ಹೇಳಿಸುವುದು. ನವಿಲನ್ನು ಕೋಳಿ ಎಂದಳೋ, ನನ್ನ ಊಟ ಅಲ್ಲಿಗೇ ಮುಗಿಯಿತು. ಅವಳು ತುಂಟತನಕ್ಕೆ ಹಾಗೆ ಹೇಳುತ್ತಿದ್ದಳೋ, ಮರೆತು ಹೇಳುತ್ತಿದ್ದಳೋ ಹೇಗೆ ತಿಳಿಯುವುದು?

ಕೆಲವು ತಿಂಗಳ ಬಳಿಕ ಮತ್ತೆ ರಕ್ತಪರೀಕ್ಷೆ. ಸೂಜಿ ಕಂಡು ಮಗಳು ಕಿರುಚಿದಳು. ಅಲ್ಲಿಯವರೆಗೆ, "ಮೊದಲ ಕೂಸಿಂದು ಇಳೀಲಿ, ಆಮ್ಯಾಲ ನಂದು ನೋಡೂಣು" ಎಂದು ತಮ್ಮ ಪರೀಕ್ಷೆಯನ್ನು ಮುಂದೂಡುತ್ತಲೇ ಬಂದಿದ್ದ ಕಾಕಾ ಅಂಗಿಯ ತೋಳು ಮಡಚಿ, "ಮೊದಲ ನಂದ ತಗೋರಿ. ನೋಡ ಪುಟ್ಟಿ, ಅಜ್ಜಾ ಅಳ್ತಾನೇನು?" ಎಂದರು.

ಮಗಳ ರಕ್ತದಲ್ಲಿ ಸೀಸ ಇಳಿದಿತ್ತು. ಇನ್ನೂ ಪೂರ್ತಿ ಹೋಗಿಲ್ಲ, ಎಚ್ಚರ ಬಿಡಬೇಡಿ, ಆದರೆ ದಾರಿ ಸರಿಯಾಗಿದೆ ಎಂದರು ಡಾಕ್ಟರು. ಕಾಕಾನ ರಕ್ತದಲ್ಲಿ ಮಾತ್ರ ಅವಳಿಗಿಂತ ಎಷ್ಟೋ ಪಟ್ಟು ಹೆಚ್ಚು!

ಕಾಕಾ ಕನ್ನಡಕ ಏರಿಸಿ ಎರಡೂ ಕಾಗದಗಳನ್ನು ಅಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದರು. ಎಷ್ಟೋ ದಿನಗಳಿಂದ ಬಿಗಿದಿದ್ದ ಅವರ ಮುಖ ಮೆಲ್ಲಗೆ ಸಡಿಲವಾಯಿತು.

"ಛಲೋ ಆತ ಬಿಡ ಯವ್ವಾ," ಎಂದರು. "ಹೆಚ್ಚಿಂದೆಲ್ಲ ನಾನ ಕುಡದೀನಿ."